ಅಳಿಯಂದಿರ ಕೋವಿ

ಆವತ್ತು ಬೆಳಿಗ್ಗೆ ಸ್ನೊಹೊಮಿಶ್ ಕಣಿವೆಯಲ್ಲಿ ಮಂಜು ಸೊಂಟದ ಮಟ್ಟಕ್ಕೆ ನಿಂತಿತ್ತು. ಆಗಸ್ಟ್ ತಿಂಗಳ ಮೊದಲ ಶನಿವಾರ. ಮೇಲೆ ಆಕಾಶ ತಿಕ್ಕಿ ತೊಳೆದ ಹಾಗಿತ್ತು. ಕೆಳಗೆ ಹೊಲ, ಬೇಲಿ, ದನವಿಲ್ಲದ ಹಳೇ ಕೊಟ್ಟಿಗೆ ಎಲ್ಲವೂ ಹಾಲಿನಲ್ಲಿ ಅದ್ದಿಟ್ಟ ಹಾಗಿದ್ದವು. ಗಾಳಿ ಇರಲಿಲ್ಲ. ಬೇಲಿಯ ತಂತಿಯ ಮೇಲೆ ನೀರಹನಿಗಳು ಸಾಲಾಗಿ ಕೂತು, ಬೀಳಬೇಕೋ ಬೇಡವೋ ಎಂದು ಯೋಚಿಸುತ್ತಿದ್ದವು. ಹಿಂದೆ ಮೇವು ತುಂಬಿಡುತ್ತಿದ್ದ ಎತ್ತರದ ಸಿಮೆಂಟು ಗೋಪುರ ಮಾತ್ರ ಮಂಜಿನ ಮೇಲೆ ತಲೆ ಎತ್ತಿತ್ತು. ಅದರ ನೆತ್ತಿಯಿಂದ ಪಾರಿವಾಳಗಳು ಎರಡೆರಡಾಗಿ, ನಾಲ್ಕುನಾಲ್ಕಾಗಿ ಇಳಿದು ಬಟಾಣಿ ಹೊಲದ ಕಡೆಗೆ ಬರುತ್ತಿದ್ದವು, ಮದುವೆ ಊಟಕ್ಕೆ ಬರುವ ಬೀಗರ ಹಾಗೆ, ಯಾವ ಅವಸರವೂ ಇಲ್ಲದೆ.

ಢಂ. ಢಂ.

ಸದ್ದು ಹೊಳೆಯ ಆಚೆ ದಡದವರೆಗೆ ಹೋಗಿ ತಿರುಗಿ ಬಂತು. ಪಾರಿವಾಳಗಳು ಒಂದು ಸುತ್ತು ಹಾಕಿದವು. ಒಂದೂ ಬೀಳಲಿಲ್ಲ.

ಬೇಲಿಯ ಪಕ್ಕದಲ್ಲಿ ಬಕೆಟ್ ಬೋರಲು ಹಾಕಿಕೊಂಡು ಕೂತಿದ್ದ ಜವರಮ್ಮ, ಕಾಲಬಳಿ ಮಲಗಿದ್ದ ನಾಯಿಯ ಬೆನ್ನು ಸವರಿದಳು.

"ಓಲಿ, ನೋಡ್ದಾ? ಅಳಿಯಂದ್ರು ಮಂಜಿಗೆ ಎರಡು ತೂತು ಮಾಡವ್ರೆ. ಗಾಳಿ ಆಡ್ಲಿ ಅಂತಿರ್ಬೇಕು."

ಹತ್ತು ಹೆಜ್ಜೆ ಆಚೆ, ಹಳೇ ಬಲೆಗೆ ಜೋಳದ ದಂಟು ಸಿಕ್ಕಿಸಿ ಮಾಡಿದ ಮರೆಯೊಳಗೆ, ಅವಳ ಅಳಿಯ ಜಯಂತ ಜೋಡುನಳಿಗೆಯ ಕೋವಿಯನ್ನು ಬಾಗಿಸಿ ಖಾಲಿ ತೋಟೆಗಳನ್ನು ತೆಗೆದ. ಅವನಿಗೂ ನಗು ಬಂತು. ಆದರೆ ಉತ್ತರ ಕೊಡುವ ಹಾಗಿರಲಿಲ್ಲ. ಅತ್ತೆ ಮಾತಾಡಿದ್ದು ನಾಯಿಯ ಜೊತೆ.

ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಹಳಬರ ಕಟ್ಟಳೆ ಒಂದಿತ್ತು. ಅತ್ತೆಯಾದವಳು ಅಳಿಯನ ಎದುರಿಗೆ ನಿಂತು ನೇರವಾಗಿ ಮಾತಾಡಬಾರದು. ಹೇಳಲೇಬೇಕಾದ ಮಾತಿದ್ದರೆ ಮಗಳಿಗೆ ಹೇಳಬೇಕು. ಮಗಳಿಲ್ಲದಿದ್ದರೆ ಮಗುವಿಗೆ, ಮಗುವೂ ಇಲ್ಲದಿದ್ದರೆ ಗೋಡೆಗೆ. ಈಗ ಅಲ್ಲಿಯೂ ಯಾರೂ ಅದನ್ನು ಹಿಡಿದು ಕೂತಿಲ್ಲ. ಜವರಮ್ಮ ಮಾತ್ರ ಸಮುದ್ರದಾಚೆಯ ಈ ದೇಶದಲ್ಲೂ, ಲಿನ್‌ವುಡ್ಡಿನಲ್ಲಿದ್ದ ಮಗಳ ಎರಡು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ, ಹತ್ತು ವರ್ಷದಿಂದ ಅದನ್ನು ನಡೆಸಿಕೊಂಡು ಬಂದಿದ್ದಳು. ಮಗಳು ಕವನಾ ಬೆಲ್‌ವ್ಯೂನ ಆಫೀಸಿಗೆ ಹೋದ ಮೇಲೆ, ಎವರೆಟ್ಟಿನ ವಿಮಾನ ಕಾರ್ಖಾನೆಗೆ ಎರಡನೇ ಶಿಫ್ಟಿಗೆ ಹೊರಡುವ ಅಳಿಯನ ಜೊತೆ ಅವಳು ಫ್ರಿಜ್ಜಿನ ಮೂಲಕ ಮಾತಾಡುತ್ತಿದ್ದಳು. "ಫ್ರಿಜ್ಜಪ್ಪಾ, ಮೊಸರನ್ನ ಕೆಳಗಡೆ ಐತೆ, ಉಪ್ಪಿನಕಾಯಿ ಬಾಗ್ಲಲ್ಲೈತೆ" ಎಂದು. ಜಯಂತನೂ ಫ್ರಿಜ್ಜಿಗೆ ಥ್ಯಾಂಕ್ಸ್ ಹೇಳಿ ಡಬ್ಬಿ ಎತ್ತಿಕೊಂಡು ಹೋಗುತ್ತಿದ್ದ. ಹೊಲದಲ್ಲಿ ಫ್ರಿಜ್ಜು ಇಲ್ಲ. ಓಲಿ ಇದ್ದ.

ಓಲಿಯೂ ಹೊಲವೂ ಆರ್ನಿಯದು. ಆರ್ನಿಗೆ ಎಪ್ಪತ್ತೆಂಟು ವರ್ಷ. ಐವತ್ತು ವರ್ಷ ಹಸು ಕಟ್ಟಿ ಹಾಲು ಹಾಕಿದವನು. ಮಂಡಿ ಸೋತ ಮೇಲೆ ಹಸು ಮಾರಿದ. ಜವರಮ್ಮನ ಬಾಲ್ಕನಿಯ ಕುಂಡಗಳಿಗೆ ಗೊಬ್ಬರ ಹುಡುಕಿಕೊಂಡು ಜಯಂತ ಮೂರು ವರ್ಷದ ಹಿಂದೆ ಅವನ ಕೊಟ್ಟಿಗೆಗೆ ಬಂದಿದ್ದ. ಜೊತೆಗೆ ಬಂದಿದ್ದ ಜವರಮ್ಮ ಕಾರಿನಿಂದ ಇಳಿದವಳೇ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಮೂಸಿದಳು. ಅದನ್ನು ನೋಡಿ ಆರ್ನಿ, ಈ ಹೆಂಗಸಿಗೆ ಎಷ್ಟು ಜಾಗ ಬೇಕು ಎಂದು ತಾನೇ ಕೇಳಿದ. ಅಲ್ಲಿಂದ ಶನಿವಾರ ಎಂದರೆ ಹೊಲ.

ಈ ವರ್ಷದ ಏಪ್ರಿಲ್‌ನಲ್ಲಿ ಆರ್ನಿಯ ಅಡಿಗೆಮನೆಯ ಕಪಾಟಿನಲ್ಲಿ ಜವರಮ್ಮನ ಕಣ್ಣಿಗೆ ಒಂದು ಗಾಜಿನ ಭರಣಿ ಬಿತ್ತು. ಒಳಗೆ ಕಂದು ಬಣ್ಣದ, ಸುಕ್ಕುಸುಕ್ಕು ಬಟಾಣಿ. ಆರ್ನಿಯ ಹೆಂಡತಿ ಇಂಗ್ರಿಡ್‌ಳದಂತೆ. ಅವಳ ಅಜ್ಜಿ ಸ್ವೀಡನ್ನಿನಿಂದ ಹಡಗು ಹತ್ತುವಾಗ ಉಣ್ಣೆಯ ಕಾಲುಚೀಲದಲ್ಲಿ ಕಟ್ಟಿಕೊಂಡು ತಂದದ್ದು. ಅಲ್ಲಿಂದ ಪ್ರತಿ ವರ್ಷ ಬಿತ್ತಿ, ಪ್ರತಿ ವರ್ಷ ಎತ್ತಿಟ್ಟದ್ದು. ಇಂಗ್ರಿಡ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಆರ್ನಿಗೆ ಅದನ್ನು ಬೇಯಿಸಿ ತಿನ್ನಲು ಮನಸ್ಸು ಬಂದಿರಲಿಲ್ಲ, ಬಿತ್ತಲೂ ಮನಸ್ಸು ಬಂದಿರಲಿಲ್ಲ.

"ಇನ್ನೊಂದು ವರ್ಷ ಇಂಗೇ ಮಡಗಿದ್ರೆ ಕಾಳಿನ ಜೀವ ಹೋಯ್ತದೆ ಅಂತ ಹೇಳು ಮಗ," ಎಂದು ಜವರಮ್ಮ ಕವನಾಗೆ ಹೇಳಿದಳು. "ಬೀಜ ನಂಗೆ ಕಡ ಕೊಡ್ಲಿ. ನಮ್ಮಲ್ಲಿ ಬೀಜ ಕಡ ತಂದೋರು ಒಂದಕ್ಕೆ ಒಂದೂವರೆ ಸೇರ್ಸಿ ಕೊಡ್ಬೇಕು. ಕೊಡ್ದೇ ಸತ್ರೆ ಮುಂದಿನ ಜನ್ಮಕ್ಕೆ ಅವ್ರ ಮನೇಲಿ ಎತ್ತಾಗಿ ಹುಟ್ಬೇಕು."

ಕವನಾ ಅದನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿ ಹೇಳಿದಳು. ಆರ್ನಿ ಕಪಾಟಿನ ಬಾಗಿಲು ತೆಗೆದ. ಆಮೇಲೆ, "ಎತ್ತು ಬೇಡ ಅಂತ ಹೇಳು. ಇರೋ ನಾಯಿಯನ್ನ ಸಾಕೋದೇ ಕಷ್ಟ ಆಗಿದೆ," ಎಂದು ಭರಣಿಯನ್ನು ಇಳಿಸಿ ಕೊಟ್ಟ.

ಅಷ್ಟನ್ನೂ ಜವರಮ್ಮ ಬಿತ್ತಿದಳು. ಹಳೇ ಕಾಳು, ಮೂರರಲ್ಲಿ ಒಂದು ಮೊಳೆಯಿತು. ಮೊಳೆತದ್ದಕ್ಕೆ ಕಡ್ಡಿ ನೆಟ್ಟು ಹಬ್ಬಿಸಿದಳು. ಜೂನ್‌ನಲ್ಲಿ ನೇರಳೆ ಹೂ ಬಿಟ್ಟವು. ಈಗ ಕಾಯಿ ಒಣಗುತ್ತಿದ್ದವು, ಇನ್ನೊಂದು ಹತ್ತು ದಿನ ಬಿಸಿಲು ಕಾದರೆ ಬೀಜ. ಭರಣಿಯಲ್ಲಿ ಒಂದು ಕಾಳೂ ಉಳಿದಿರಲಿಲ್ಲ. ಈ ಸಾಲುಗಳಲ್ಲಿ ಇರುವುದೇ ಆ ಕುಲದ ಕೊನೆಯ ಬೀಜ. ಅದು ಹೋದರೆ ಜವರಮ್ಮನ ಮಾತೂ ಹೋಯಿತು, ಇಂಗ್ರಿಡ್‌ಳ ಅಜ್ಜಿಯ ಕಾಲುಚೀಲವೂ ಬರಿದಾಯಿತು.

ಕಾಯಿ ಬಲಿಯತೊಡಗಿದಾಗಲೇ ಗೋಪುರದ ಪಾರಿವಾಳಗಳಿಗೆ ವಿಷಯ ಗೊತ್ತಾಗಿತ್ತು.

ಮೊದಲು ಜಯಂತ ಅಂಗಡಿಯಿಂದ ಪ್ಲಾಸ್ಟಿಕ್ ಗೂಬೆ ತಂದು ಕಂಬಕ್ಕೆ ಕೂರಿಸಿದ. ಎರಡನೇ ದಿನ ಒಂದು ಪಾರಿವಾಳ ಗೂಬೆಯ ತಲೆಯ ಮೇಲೆ ಕೂತು ರೆಕ್ಕೆ ಒಣಗಿಸಿಕೊಳ್ಳುತ್ತಿತ್ತು. ಹೊಳೆಯುವ ಟೇಪು ಕಟ್ಟಿದರು; ಅದನ್ನು ತೋರಣ ಅಂದುಕೊಂಡವೋ ಏನೋ, ಇನ್ನೂ ಹತ್ತು ಹೆಚ್ಚಾಗಿ ಬಂದವು. ಬಲೆ ಹೊದಿಸಿದರು. ಬಲೆಗೆ ಪಾರಿವಾಳ ಸಿಗಲಿಲ್ಲ. ಕೊಟ್ಟಿಗೆಯ ಜಂತಿಯಲ್ಲಿ ಗೂಡು ಕಟ್ಟಿದ್ದ, ಕಾಳೇ ತಿನ್ನದ ಪುಟ್ಟ ಕವಲುಬಾಲದ ಹಕ್ಕಿಯೊಂದು ಸಿಕ್ಕಿ ಸತ್ತಿತು. ಜವರಮ್ಮ ಅದನ್ನು ಬಟಾಣಿ ಸಾಲಿನ ಬುಡದಲ್ಲಿ ಮಣ್ಣು ಮಾಡಿ, ಬಲೆಯನ್ನು ತಾನೇ ಸುತ್ತಿ ತೆಗೆದಳು. "ಕಳ್ಳನ್ನ ಹಿಡಿಯಕ್ಕೆ ಹೋಗಿ ದಾರೀಲಿ ಹೋಗೋರ ಕತ್ತು ಹಿಸುಕ್ದಂಗಾಯ್ತು," ಅಂದಳು. ಯಾರಿಗೆ ಅಂದಳೋ, ಕಂಬದ ಮೇಲಿನ ಗೂಬೆಗೆ ಇರಬೇಕು.

ಕೊನೆಗೆ ಆರ್ನಿ ಕೋವಿ ಹೊರತೆಗೆದ. ಅವನ ಭುಜಕ್ಕೆ ಆಪರೇಷನ್ ಆಗಿತ್ತು, ಹೊಡೆಯುವ ಹಾಗಿರಲಿಲ್ಲ. ಜಯಂತನಿಗೆ ಲೈಸೆನ್ಸ್ ಇತ್ತು. ಕಾರ್ಖಾನೆಯ ಗೆಳೆಯರ ಜೊತೆ ಸೇರಿ ಬೇಟೆಯ ಕ್ಲಾಸಿಗೆ ಹೋಗಿ, ಬರವಣಿಗೆಯ ಪರೀಕ್ಷೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ತೆಗೆದಿದ್ದ. ಪಾರಿವಾಳಗಳು ಆ ಅಂಕಪಟ್ಟಿ ನೋಡಿರಲಿಲ್ಲ.

ಆರ್ನಿ ಒಳ್ಳೆಯ ಮೇಷ್ಟ್ರು. ಮೊದಲ ಶನಿವಾರ ದೊಡ್ಡ ರಟ್ಟೊಂದನ್ನು ನಿಲ್ಲಿಸಿ ಅದಕ್ಕೆ ಹೊಡೆಸಿದ. ತೋಟೆಯೊಳಗಿನ ಚರೆಗಳು ಎಷ್ಟು ಅಗಲಕ್ಕೆ ಹರಡುತ್ತವೆ, ಕೋವಿ ಮೇಲಕ್ಕೆ ಹೊಡೆಯುತ್ತದೋ ಕೆಳಕ್ಕೋ, ಕಣ್ಣಿಗೆ ಕಾಣಲಿ ಎಂದು. ಮೂವತ್ತೈದು ಹೆಜ್ಜೆ ಅಳೆದು ನಾಲ್ಕು ಕಡೆ ಕೆಂಪು ಬಟ್ಟೆಯ ಕೋಲು ನೆಟ್ಟ: ಅದರಾಚೆಯ ಹಕ್ಕಿ ನಿನ್ನದಲ್ಲ, ಗಾಯ ಮಾಡಿ ಕಳಿಸುವುದು ಪಾಪ. ಪ್ಲಾಸ್ಟಿಕ್ ಪಾರಿವಾಳಗಳನ್ನು ಕುದುರೆ ಲಾಳದ ಆಕಾರಕ್ಕೆ ಇಟ್ಟು ನಡುವೆ ಜಾಗ ಬಿಡಿಸಿದ, ಬರುವ ಹಕ್ಕಿ ಗಾಳಿಗೆ ಎದುರಾಗಿ ಅಲ್ಲೇ ಇಳಿಯಲಿ ಎಂದು. ಕಾರ್ಖಾನೆಯಲ್ಲಿ ವಿಮಾನದ ರೆಕ್ಕೆ ಅಳೆಯುವ ಕೆಲಸದ ಜಯಂತ ಆ ಪ್ಲಾಸ್ಟಿಕ್ ಹಕ್ಕಿಗಳ ನಡುವಿನ ಅಂತರವನ್ನೂ ಟೇಪು ಹಿಡಿದು ಅಳೆದ.

"ಕೆನ್ನೆ ಕೋವಿಯ ಮರಕ್ಕೆ ಅಂಟಿರಲಿ. ಎರಡೂ ಕಣ್ಣು ತೆರೆದಿರಲಿ," ಅನ್ನುತ್ತಿದ್ದ ಆರ್ನಿ. "ನಳಿಗೆ ನೋಡಬೇಡ, ಹಕ್ಕಿ ನೋಡು. ಗುಂಪಿಗೆ ಹೊಡೆಯಬೇಡ, ಒಂದನ್ನ ಆರಿಸಿಕೋ. ಅದರ ಹಿಂದಿನಿಂದ ಬಾ, ಅದನ್ನ ದಾಟು, ದಾಟ್ತಾ ಇರುವಾಗಲೇ ಟ್ರಿಗರ್ ಎಳಿ."

ಸ್ಪ್ರಿಂಗಿನ ಯಂತ್ರದಿಂದ ಮಣ್ಣಿನ ತಟ್ಟೆಗಳನ್ನು ಗಾಳಿಗೆ ಹಾರಿಸಿದರೆ ಜಯಂತ ಹತ್ತರಲ್ಲಿ ಏಳನ್ನು ಪುಡಿ ಮಾಡುತ್ತಿದ್ದ. ಆರ್ನಿ ಬೆನ್ನು ತಟ್ಟುತ್ತಿದ್ದ. ಅದೇ ಕೋವಿ, ಅದೇ ಭುಜ, ಅದೇ ವೇಗ. ಪಾರಿವಾಳ ಬಂದರೆ ಮಾತ್ರ ಚರೆ ಹೋಗಿ ಅದರ ಬಾಲದ ಹಿಂದಿನ ಬರಿ ಗಾಳಿಗೆ ಬೀಳುತ್ತಿತ್ತು. ಎರಡು ಶನಿವಾರ ಹೀಗೆ ಆಯಿತು. ಇದು ಮೂರನೆಯದು. ಆರ್ನಿ ತಲೆ ಕೆರೆದುಕೊಂಡು, ಬಹುಶಃ ಕನ್ನಡಕ ಬದಲಿಸಬೇಕೇನೋ ಎಂದು ಹೇಳಿ ಕಾಫಿ ಕುಡಿಯಲು ಮನೆಗೆ ಹೋಗಿದ್ದ.

ಮಂಜು ಏಳುತ್ತಾ ಬಂತು. ಸಾಲುಗಳಲ್ಲಿ ಒಣಗಿದ ಕಾಯಿಗಳು ಕಾಣಿಸತೊಡಗಿದವು. ಕೆಳಗಡೆ ಸಿಪ್ಪೆಗಳೂ ಕಾಣಿಸಿದವು, ಸೀಳಿ ತಿಂದು ಬಿಸಾಡಿದವು. ಜವರಮ್ಮ ಎದ್ದು ಹೋಗಿ ಒಂದು ಹಿಡಿ ಸಿಪ್ಪೆ ಆಯ್ದುಕೊಂಡು ಬಂದಳು. ಅವಳ ಮುಖದಲ್ಲಿ ಆಗ ತಮಾಷೆ ಇರಲಿಲ್ಲ. ಮೂರು ಸಾಲು ಪೂರ್ತಿ ಹೋಗಿತ್ತು, ಉಳಿದಿದ್ದು ಐದು. ಹೀಗೇ ಇನ್ನೊಂದು ವಾರ ನಡೆದರೆ ಒಂದೂವರೆ ಇರಲಿ, ತಂದಷ್ಟನ್ನೂ ಕೊಡಲಾಗುವುದಿಲ್ಲ.

ಅವಳು ಬಕೆಟ್ಟನ್ನು ಮರೆಯ ಹತ್ತಿರಕ್ಕೆ, ಅಳಿಯನ ಎದುರಿಗೆ ಬರದ ಹಾಗೆ ಪಕ್ಕಕ್ಕೆ ಎಳೆದುಕೊಂಡು ಕೂತಳು. ದಂಟಿನ ಸಂದಿಯಿಂದ ಜಯಂತನ ಮುಖದ ಒಂದು ಬದಿ ಕಾಣುತ್ತಿತ್ತು. ಈ ಸಲ ಅವಳು ಹಕ್ಕಿಯನ್ನು ನೋಡಲಿಲ್ಲ. ಅವನನ್ನೇ ನೋಡಿದಳು.

ಒಂದು ಪಾರಿವಾಳ ಗೋಪುರದಿಂದ ಇಳಿದು ಬಂತು. ಜಯಂತ ಎದ್ದ. ಕೋವಿ ಚೆನ್ನಾಗಿಯೇ ಭುಜಕ್ಕೆ ಬಂತು, ಹಕ್ಕಿಯ ಹಿಂದಿನಿಂದ ಹೊರಟಿತು, ಹಕ್ಕಿಯನ್ನು ಮುಟ್ಟಿತು. ಆಗ ಅವನ ತುಟಿ ಅಲ್ಲಾಡಿತು. ನಳಿಗೆ ಗಕ್ಕನೆ ನಿಂತಿತು. ಒಂದು ಉಸಿರು ತೆಗೆಯುವಷ್ಟು ಹೊತ್ತು. ಆಮೇಲೆ ಢಂ. ಹಕ್ಕಿ ಅಷ್ಟರಲ್ಲಿ ಹೊಳೆಯ ದಾರಿ ಹಿಡಿದಿತ್ತು.

ಜವರಮ್ಮ ಮೆಲ್ಲಗೆ ಅಂದಳು: "ಓಲಿ, ಗುಂಡು ಹಾರ್ಸಕ್ ಮುಂಚೆ ಅಳಿಯಂದ್ರು ಅದೇನೋ ಗೊಣಗ್ತಾರಲ್ಲ, ಏನಂತೆ ಅದು?"

ಮರೆಯೊಳಗೆ ಜಯಂತ ಖಾಲಿ ತೋಟೆ ತೆಗೆದು ಹೊಸದು ಸಿಕ್ಕಿಸಿದ.

"ಓಲಿ, ಅತ್ತೆಗೆ ಹೇಳು, ಏನಿಲ್ಲ ಅಂತ," ಅಂದ ಜಯಂತ.

"ಏನಿಲ್ಲದಿದ್ರೆ ಮಣ್ಣಿನ್ ತಟ್ಟೆಗೂ ಗೊಣಗ್ಬೇಕಿತ್ತಲ್ಲಪ್ಪ ಓಲಿ? ಅದಕ್ಯಾಕೆ ಬಾಯಿ ಮುಚ್ಕೊಂಡು ಟಪ್ ಅಂತ ಹೊಡೀತಾರೆ?"

ನಾಯಿ ಒಮ್ಮೆ ಇವಳನ್ನು, ಒಮ್ಮೆ ಮರೆಯನ್ನು ನೋಡಿ ಆಕಳಿಸಿತು. ಅಷ್ಟರಲ್ಲಿ ಕವನಾ ಫ್ಲಾಸ್ಕು ಹಿಡಿದು ಬೇಲಿ ದಾಟಿ ಬಂದಳು. ರಬ್ಬರ್ ಬೂಟಿನ ತುಂಬಾ ಕೆಸರು.

"ಮತ್ತೆ ನಿಮ್ಮಿಬ್ಬರ ಮಧ್ಯೆ ಆ ನಾಯೀನ ಸಿಕ್ಕಿಸಿದೀರಾ? ಪಾಪ, ಅದಕ್ಕೆ ಸಂಬಳ ಕೊಡಿ," ಅಂದಳು. "ರೀ, ಏನ್ರೀ ಅದು? ಹೇಳಿ. ನನಗೂ ಗೊತ್ತಿಲ್ಲ."

ಜಯಂತ ಕೋವಿ ಬಾಗಿಸಿ, ತೋಟೆ ತೆಗೆದು, ಮೊಣಕಾಲ ಮೇಲೆ ಇಟ್ಟುಕೊಂಡ. ಕಿವಿ ಕೆಂಪಾಗಿತ್ತು.

"ಅದೇ ಕವನಾ... ನಮ್ಮಜ್ಜಿ ಲಕ್ಷ್ಮಮ್ಮ. ಊರಲ್ಲಿ ಕೋಳಿ ಕೊಯ್ಯೋವಾಗ ಅದರ ತಲೆಗೆ ನೀರು ಚಿಮುಕಿಸಿ, 'ಮಾರವ್ವ, ನಿನ್ನ ಜೀವ ನಿನಗೇ ಸೇರ್ಲಿ' ಅಂತ ಹೇಳೋದು. ಹೇಳಿ ಕಾಯ್ಬೇಕು. ಕೋಳಿ ಮೈ ಒದರಿದ್ರೆ ಒಪ್ಪಿಗೆ ಕೊಡ್ತು ಅಂತ. ಒದರದೇ ಇದ್ರೆ ಆವತ್ತು ಬೇಳೆ ಸಾರು. ಕೇಳದೆ ಜೀವ ತೆಗೀಬಾರ್ದು ಅಂತ ನನ್ ಕೈಲಿ ಆಣೆ ಮಾಡ್ಸಿದ್ಲು. ಚಿಕ್ಕೋನಿದ್ದೆ. ಅದು ಹೋಗಲ್ಲ ನನ್ನಿಂದ."

"ಅಯ್ಯೋ ರೀ! ಅರವತ್ತು ಮೈಲಿ ಸ್ಪೀಡಲ್ಲಿ ಹೋಗೋ ಪಾರಿವಾಳದ ಹತ್ರ ಒಪ್ಪಿಗೆ ಕೇಳ್ಕೊಂಡು ಕಾಯ್ತಾ ಇದೀರಾ?"

"ಒಂದೇ ಒಂದು ಸೆಕೆಂಡ್ ಅಷ್ಟೇ."

"ಆ ಸೆಕೆಂಡಲ್ಲಿ ಅದು ಎವರೆಟ್ ತಲುಪಿರುತ್ತೆ!"

ಕವನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಜಯಂತನೂ ನಕ್ಕ. ಜವರಮ್ಮ ನಗಲಿಲ್ಲ. ಅವಳು ಕೈಯಲ್ಲಿದ್ದ ಸಿಪ್ಪೆಗಳನ್ನು ಮಡಿಲಿಗೆ ಹಾಕಿಕೊಂಡಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದ ಅಳಿಯನನ್ನು ಇವತ್ತು ಮೊದಲ ಸಲ ನೋಡಿದ ಹಾಗಿತ್ತು ಅವಳ ಮುಖ.

"ಮಗ, ನಗ್ಬ್ಯಾಡ," ಅಂದಳು ಕವನಾಗೆ. "ಕೇಳೋದು ಸರಿ. ಕೇಳ್ದೇ ತೆಗಿಯೋರು ರಾಕ್ಷಸರು. ಆದ್ರೆ ಎಲ್ಲಿ ಕೇಳ್ಬೇಕು ಅನ್ನೋದೊಂದೈತೆ. ಕೋಳಿ ಕೈಯಲ್ಲಿರ್ತದೆ, ಅದಕ್ಕೆ ಅಲ್ಲೇ ಕೇಳ್ತಾರೆ. ಹಾರೋದುನ್ನ ಹಾರ್ತಿರೋವಾಗ ನಿಲ್ಸಿ ಕೇಳಕ್ಕಾಯ್ತದಾ? ನಮ್ಮೂರಲ್ಲಿ ಕಾಡಿಗೆ ಹೋಗೋರು ಊರ ಬಾಗಲಲ್ಲೇ ನೀರು ಬುಟ್ಟು, ಒಂದೇ ಸಲ ಎಲ್ಲಕ್ಕೂ ಕೇಳ್ಕೊಂಡು ಹೋಗೋರು. ಆಮೇಲೆ ಕೈ ನಡೀತಿರ್ಬೇಕು. ಹೊಲ ಉಳೋನು ದೇವ್ರ ಹೆಸ್ರು ಹೇಳಕ್ಕೆ ಅಂತ ಎತ್ತು ನಿಲ್ಲಿಸ್ತಾನಾ? ನೇಗಿಲು ನಡೀತಾ ಇರ್ತದೆ, ಬಾಯಲ್ಲಿ ಶಿವ ಅಂತಾನೂ ಇರ್ತಾನೆ."

"ಅವ್ವ, ಇದನ್ನೇ ಅವ್ರಿಗೆ ನೇರವಾಗಿ ಹೇಳ್ಬಾರ್ದಾ? ಅಲ್ಲೇ ಕೂತಿದಾರೆ."

"ನಿಮ್ಮಪ್ಪನ್ ಜೊತೆ ನಮ್ಮವ್ವ ಸಾಯೋಗಂಟ ಮಾತಾಡ್ಲಿಲ್ಲ. ಒಲೆಗೇ ಹೇಳೋಳು. ನಿಮ್ಮಪ್ಪ ಕೆಟ್ಟೋಗ್ಲಿಲ್ವಲ್ಲ." ಜವರಮ್ಮ ಮುಂದುವರಿಸಿದಳು: "ನಾನು ಹನ್ನೆರಡು ವರ್ಸದೋಳಿದ್ದಾಗ ಜೋಳದ ಹೊಲ್ದಲ್ಲಿ ಅಟ್ಟಣೆ ಹತ್ತಿ ಕವಣೆ ಬೀಸ್ತಿದ್ದೆ. ಕಲ್ಲು ಹೋಗೋವಾಗ ಕೈ ನಿಂತ್ರೆ ಕಲ್ಲು ಕಾಲ್ಮುಂದೆ ಬೀಳ್ತದೆ. ಕಲ್ಲು ಹೋದ್ಮೇಲೂ ಕೈ ತಿರುಗ್ಬೇಕು. ನೆಲ ಸಾರ್ಸಿದಂಗೆ. ಗೋಡೆ ಬಂತು ಅಂತ ಅಲ್ಲಿಗೇ ಕೈ ಎತ್ತಿದ್ರೆ ಅಂಚಲ್ಲಿ ಕೊಳೆ ಉಳೀತದೆ. ಇದುನ್ನ ಹೇಳು ಅವ್ರಿಗೆ."

"ಕೇಳಿಸ್ತು ಕವನಾ," ಅಂದ ಜಯಂತ. "ಆರ್ನಿ ಎರಡು ವಾರದಿಂದ ಇದನ್ನೇ ಹೇಳ್ತಿದಾನೆ. ಆದ್ರೆ ನೆಲ ಸಾರಿಸೋದು ಅಂದಿದ್ರೆ ಆವತ್ತೇ ಗೊತ್ತಾಗಿರೋದು."

"ನೀವು ಯಾವತ್ತು ನೆಲ ಸಾರಿಸಿದೀರಿ?"

"ನೋಡಿದೀನಲ್ಲ."

ಜವರಮ್ಮ ಎದ್ದಳು. ಫ್ಲಾಸ್ಕಿನ ಮುಚ್ಚಳದಲ್ಲಿ ನಲ್ಲಿಯ ನೀರು ಹಿಡಿದು ತಂದಳು. ಬಟಾಣಿ ಸಾಲುಗಳ ತಲೆಗೆ ನಿಂತು, ಚಪ್ಪಲಿ ಕಳಚಿ, ಕವನಾ ಕೈಗೆ ಮುಚ್ಚಳ ಕೊಟ್ಟು ಜಯಂತನ ಕಡೆ ಕಣ್ಣಲ್ಲೇ ಸನ್ನೆ ಮಾಡಿದಳು. ಜಯಂತ ಕೋವಿಯನ್ನು ಮರೆಯಲ್ಲೇ ಬಿಟ್ಟು, ಬೂಟು ಬಿಚ್ಚಿ ಬರಿಗಾಲಲ್ಲಿ ಬಂದು ನಿಂತ. ಒದ್ದೆ ಮಣ್ಣು ತಣ್ಣಗಿತ್ತು. ಅವನು ಮೂರು ಸಲ ನೀರು ಚಿಮುಕಿಸಿದ.

"ಮಾರವ್ವ," ಅಂದ. ಮುಂದಿನದನ್ನು ಮನಸ್ಸಿನಲ್ಲೇ ಹೇಳಿದ. ಬೇಕಾದ್ದಕ್ಕಿಂತ ಹೆಚ್ಚು ತೆಗೆಯುವುದಿಲ್ಲ; ತೆಗೆದದ್ದನ್ನು ಬಿಸಾಡುವುದಿಲ್ಲ, ಉಣ್ಣುತ್ತೇವೆ; ಒಂದು ಸಾಲು ಅವುಗಳಿಗೇ ಬಿಡುತ್ತೇವೆ.

ಮೂವರೂ ಕಾದರು. ಹೊಳೆಯ ಕಡೆಯಿಂದ ಆ ಬೆಳಗಿನ ಮೊದಲ ಗಾಳಿ ಬಂತು. ಬೇಲಿಯ ಹನಿಗಳು ಉದುರಿದವು. ಬಟಾಣಿ ಬಳ್ಳಿಗಳು ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ಮೈ ಒದರಿದವು. ಒಣಗಿದ ಕಾಯಿಗಳೊಳಗೆ ಕಾಳು ಗಲಗಲ ಅಂದವು.

ಜವರಮ್ಮ ತಲೆ ಬಾಗಿಸಿದಳು. ಕವನಾ ಕೂಡ.

ಜಯಂತ ಮರೆಗೆ ಮರಳಿದ. ತೋಟೆ ಹಾಕದ ಕೋವಿಯನ್ನು ಎತ್ತಿ ನಾಲ್ಕಾರು ಸಲ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಬೀಸಿ ನೋಡಿದ. ಕೆನ್ನೆ ಮರಕ್ಕೆ. ಸೊಂಟದಿಂದ ತಿರುಗು. ಅಂಚು ದಾಟಿ ಸಾರಿಸು. ಕಾಫಿ ಕುಡಿದು ಬಂದ ಆರ್ನಿ ಬೇಲಿಗೆ ಒರಗಿ ನಿಂತ. ಇಲ್ಲೇನೋ ಬದಲಾಗಿದೆ ಎಂದು ಅವನಿಗೆ ಅನಿಸಿತು. ಮೂವರಲ್ಲಿ ಇಬ್ಬರು ಯಾಕೆ ಬರಿಗಾಲಲ್ಲಿದ್ದಾರೆ ಎಂದು ಕೇಳಲಿಲ್ಲ.

ಗೋಪುರದಿಂದ ಐದು ಹಕ್ಕಿ ಎದ್ದವು. ಗಾಳಿಗೆ ಎದುರಾಗಿ ಒಂದು ಸುತ್ತು ಹಾಕಿ, ಪ್ಲಾಸ್ಟಿಕ್ ಹಕ್ಕಿಗಳ ನಡುವಿನ ಖಾಲಿ ಜಾಗಕ್ಕೆ ಇಳಿಯತೊಡಗಿದವು. ಜಯಂತ ಎದ್ದ. ಐದರಲ್ಲಿ ಮುಂದಿನದನ್ನು ಆರಿಸಿದ. ಅದು ಮರೆಯನ್ನು ಕಂಡು ಗಕ್ಕನೆ ಬಲಕ್ಕೆ ತಿರುಗಿತು. ಕೋವಿ ಹಿಂದಿನಿಂದ ಹೊರಟಿತು, ಬಾಲ ಮುಟ್ಟಿತು, ರೆಕ್ಕೆ ಮುಟ್ಟಿತು. ಎಷ್ಟೋ ವರ್ಷದ ಅಭ್ಯಾಸ. ತುಟಿ ಮತ್ತೆ ಅಲ್ಲಾಡಿತು.

"ಕೈ ನಿಲ್ಲುಸ್ಬ್ಯಾಡ ಕಣ್ಲಾ!"

ಢಂ.

ಹಕ್ಕಿ ಗಾಳಿಯಲ್ಲೇ ಮಡಚಿಕೊಂಡು ನೇರ ಕೆಳಗೆ, ಕೆಂಪು ಬಟ್ಟೆಯ ಕೋಲಿನ ಈಚೆಗೆ ಬಿತ್ತು. ಒಂದು ಸಲವೂ ರೆಕ್ಕೆ ಬಡಿಯಲಿಲ್ಲ.

ಓಲಿ ಎದ್ದು ಓಡಿದ. ಆರ್ನಿ ಟೋಪಿ ತೆಗೆದು ಮೇಲಕ್ಕೆ ಎಸೆದ. ಕವನಾ ಮಾತ್ರ ಹಕ್ಕಿಯನ್ನೂ ನೋಡದೆ, ಗಂಡನನ್ನೂ ನೋಡದೆ, ಅವ್ವನನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು.

"ಅವ್ವಾ! ಏನಂದೆ ನೀನು ಅವ್ರಿಗೆ?"

ಜವರಮ್ಮನ ಕೈ ಬಾಯಿಯ ಮೇಲೆ ಹೋಗಿತ್ತು. ಅಳಿಯನನ್ನು ನೇರವಾಗಿ ಮಾತಾಡಿಸಿದ್ದಲ್ಲದೆ, ದನ ಕಾಯುವ ಹುಡುಗನನ್ನು ಕೂಗುವ ಹಾಗೆ ಕೂಗಿದ್ದಳು. ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು ಬೇಲಿಯ ಕಡೆ ತಿರುಗಿ ಕೂತುಬಿಟ್ಟಳು.

"ಓಲಿ... ಓಲಿ ಎಲ್ಲೋದ್ನೋ ಮುಂಡೇದು... ಅಳಿಯಂದ್ರಿಗೆ ಹೇಳು, ತೆಪ್ಪಾಯ್ತು ಅಂತ. ಮುದ್ಕಿ ಬಾಯಿ, ಹಿಡ್ತದಲ್ಲಿಲ್ಲ ಅಂತ."

ಓಲಿ ಹಕ್ಕಿಯನ್ನು ಮೆತ್ತಗೆ ಬಾಯಲ್ಲಿ ಹಿಡಿದು ಬಂದು ಜಯಂತನ ಕಾಲಬಳಿ ಇಟ್ಟ. ಜಯಂತ ಬಗ್ಗಿ ಅದನ್ನು ಎತ್ತಿಕೊಂಡು, ಗರಿ ನೇವರಿಸಿ, ನೆರಳಿನಲ್ಲಿಟ್ಟ.

"ಓಲಿ, ಅತ್ತೆಗೆ ಹೇಳಪ್ಪ," ಅಂದ. "ನಮ್ಮಜ್ಜಿ ಹೋದ್ಮೇಲೆ ನನ್ನ ಹಂಗೆ ಯಾರೂ ಕರೆದಿರ್ಲಿಲ್ಲ. ಇನ್ನೊಂದ್ ನಾಲ್ಕು ಹಕ್ಕಿ ಬೀಳೋವರೆಗೂ ಹಂಗೇ ಬೈಯ್ತಾ ಇರ್ಲಿ ಅಂತ."

ಸೆರಗಿನೊಳಗಿಂದ ಕಿಸಕ್ಕನೆ ನಗು ಕೇಳಿಸಿತು.

ಬೈಯುವ ಅಗತ್ಯ ಬೀಳಲಿಲ್ಲ. ಎರಡನೆಯದಕ್ಕೆ ತುಟಿ ಅಲ್ಲಾಡಲಿಲ್ಲ, ಅದೂ ಬಿತ್ತು. ಮೂರನೆಯದು ತಪ್ಪಿತು, ನಾಲ್ಕನೆಯದು ಬಿತ್ತು. ಆಮೇಲೆ ಒಂದು ಒಂಟಿ ಹಕ್ಕಿ ಹೊಳೆಯಾಚೆಯ ಫರ್ ಮರಗಳ ಕಡೆಯಿಂದ ಬಂತು. ಸ್ವಲ್ಪ ದೊಡ್ಡದು, ನಿಧಾನದ ರೆಕ್ಕೆ. ಜಯಂತನ ಕೋವಿ ಅದರ ಹಿಂದೆ ಹೊರಟು, ಬಾಲ ದಾಟಿ, ಕತ್ತು ದಾಟಿ, ಸದ್ದಿಲ್ಲದೆ ಹಾಗೇ ಕೆಳಗಿಳಿಯಿತು.

"ಯಾಕ್ರೀ?" ಅಂದಳು ಕವನಾ.

"ಕತ್ತಿನ ಹಿಂದೆ ನೋಡು. ಬಿಳೀ ಗೆರೆ. ಕೊಕ್ಕು ಹಳದಿ. ಅದು ಗೋಪುರದ್ದಲ್ಲ, ಕಾಡಿನ ಪಾರಿವಾಳ. ಅದನ್ನ ಈ ತಿಂಗಳಲ್ಲಿ ಹೊಡೆಯೋಕೆ ಕಾನೂನಿಲ್ಲ."

ಬೇಲಿಯಾಚೆಯಿಂದ ಆರ್ನಿ ಹೆಬ್ಬೆರಳು ಎತ್ತಿ ತೋರಿಸಿದ. ಹಳಬ ಬೇಟೆಗಾರ, ಹೊಡೆದ ಹಕ್ಕಿಗಿಂತ ಬಿಟ್ಟ ಹಕ್ಕಿಗೆ ಅವನು ಹೆಚ್ಚು ಖುಷಿಪಟ್ಟ ಹಾಗಿತ್ತು. ಆ ಹಕ್ಕಿ ಕಂಬದ ಮೇಲಿನ ಪ್ಲಾಸ್ಟಿಕ್ ಗೂಬೆಯ ಪಕ್ಕ ಕೂತು, ಕತ್ತು ತಿರುಗಿಸಿತು. ಎಳೇ ಬಿದಿಗೆಯ ಚಂದ್ರನಂಥ ಬಿಳೀ ಗೆರೆ ಬಿಸಿಲಿಗೆ ಮಿನುಗಿತು.

ಜವರಮ್ಮ ಸೆರಗು ಸರಿಸಿ ನೋಡಿ ಕೈಮುಗಿದಳು. "ಶಿವ ಕಣವ್ವ ಅದು. ಚಂದ್ರನ್ನ ಇಟ್ಕೊಂಡು ಬಂದೈತೆ. ತಿನ್ಲಿ ಬುಡು, ಒಂದೆರಡು ಕಾಯಿ."

ಬಿಸಿಲೇರುವ ಹೊತ್ತಿಗೆ ಐದು ಹಕ್ಕಿಗಳಾದವು. ಜಯಂತ ಕೋವಿ ಬಾಗಿಸಿ ಸಾಕು ಅಂದ. ಗೋಪುರದ ಹಿಂಡಿಗೂ ಸಾಕಾಗಿತ್ತು. ಅದು ದಾರಿ ಬದಲಿಸಿ ಹೊಳೆಯ ಸೇತುವೆ ಕಡೆ ಹೋಯಿತು.

ಮಧ್ಯಾಹ್ನ ಆರ್ನಿಯ ಅಡಿಗೆಮನೆಯಲ್ಲಿ ಜವರಮ್ಮ ಮೆಣಸು, ಬೆಳ್ಳುಳ್ಳಿ, ಬೆಲ್‌ವ್ಯೂನ ಇಂಡಿಯನ್ ಅಂಗಡಿಯಿಂದ ತಂದ ಕೊಬ್ಬರಿ ಹಾಕಿ ಸಾರು ಮಾಡಿದಳು. ಮೊದಲ ಬಟ್ಟಲು ಹೊರಗೆ ಮಣ್ಣಿನ ಮೇಲೆ ಇಟ್ಟು ಬಂದಳು. ಎರಡನೆಯದನ್ನು ಆರ್ನಿ ಬ್ರೆಡ್ಡು ಅದ್ದಿಕೊಂಡು, ಮೂಗೂ ಕಣ್ಣೂ ಒರೆಸಿಕೊಂಡು ತಿಂದ. ಖಾರ ಕಡಿಮೆ ಮಾಡಲೇ ಎಂದು ಕವನಾ ಕೇಳಿದರೆ, ಬೇಡ, ಇಷ್ಟು ವರ್ಷದ ಮೇಲೆ ಈ ಮನೆಯಲ್ಲಿ ಯಾರೋ ಅಡಿಗೆ ಮಾಡಿದ್ದಾರೆ ಅಂತ ಮೂಗಿಗೆ ಗೊತ್ತಾಗಲಿ, ಅಂದ.

"ಓಲಿ," ಅಂದಳು ಜವರಮ್ಮ ಸೌಟು ಹಿಡಿದು. "ಅಳಿಯಂದ್ರು ಇನ್ನೊಂದು ತುಂಡು ಹಾಕುಸ್ಕೊಬೇಕಂತೆ. ಕೈ ಅಡ್ಡ ಇಟ್ರೆ ಬೆಳಗ್ಗೆ ಅಂದಂಗೇ ಅಂತೀನಿ."

ಜಯಂತ ತಟ್ಟೆ ಮುಂದಕ್ಕೆ ಸರಿಸಿದ.

ಮುಂದಿನ ಹತ್ತು ದಿನ ಬಿಸಿಲು ಕೆಡಲಿಲ್ಲ. ಜಯಂತ ಶಿಫ್ಟಿಗೆ ಮುಂಚೆ ಬೆಳಗಿನ ಜಾವ ಬಂದು ಒಂದು ಗಂಟೆ ಮರೆಯಲ್ಲಿ ಕೂತು ಹೋಗುತ್ತಿದ್ದ. ಬರುವಾಗೊಮ್ಮೆ ಸಾಲಿನ ತಲೆಗೆ ನೀರು ಬಿಡುತ್ತಿದ್ದ. ಬಹಳ ದಿನ ಕೋವಿ ಎತ್ತುವ ಕೆಲಸವೇ ಇರಲಿಲ್ಲ.

ತಿಂಗಳ ಕೊನೆಗೆ ಬಳ್ಳಿ ಕಿತ್ತರು. ಆರ್ನಿಯ ಅಂಗಳದಲ್ಲಿ ಟಾರ್ಪಾಲು ಹಾಸಿ, ಜವರಮ್ಮ ಕೋಲಿನಿಂದ ಬಡಿದಳು. ಹೊಳೆಯ ಗಾಳಿ ಬರುವ ಹೊತ್ತು ನೋಡಿ, ಊರಿನಿಂದ ತಂದಿದ್ದ ಮೊರದಲ್ಲಿ ತೂರಿದಳು. ಹೊಟ್ಟು ಬೇಲಿಯಾಚೆ ಹಾರಿತು. ಕಂದು ಕಾಳು ಅವಳ ಕಾಲಬಳಿ ಬಿದ್ದವು. ಕುರುಡು ಕಾಳು, ತೂತು ಕಾಳು ಎಲ್ಲ ಆರಿಸಿ ತೆಗೆದಳು. ಬೀಜವಾಗುವಂಥ ಗಟ್ಟಿ ಕಾಳುಗಳನ್ನು ಭರಣಿಯಲ್ಲಿ ಅಳೆದು, ಹಳೇ ಹತ್ತಿ ಸೀರೆಯ ತುಂಡಿನಿಂದ ಹೊಲಿದ ಚೀಲಕ್ಕೆ ತುಂಬಿದಳು. ಒಂದು. ಮತ್ತೆ ಅರ್ಧ. ಅರ್ಧಕ್ಕೆ ಸರಿಯಾಗಿ ನಿಲ್ಲಿಸದೆ ಮೇಲೊಂದು ಹಿಡಿ ಹಾಕಿದಳು. ಉಳಿದದ್ದು ಮುಂದಿನ ವರ್ಷಕ್ಕೆ ಅವಳದು.

ಆರ್ನಿ ಮನೆಯ ಹಿಂದಿನ ಮೆಟ್ಟಿಲ ಮೇಲೆ ಕೂತು ಸಂಜೆಯ ಬಿಸಿಲು ಕಾಯಿಸಿಕೊಳ್ಳುತ್ತಿದ್ದ. ಕವನಾ ಜೊತೆಗೆ ಬರಲೇ ಎಂದು ಕೇಳಿದಳು. ಜವರಮ್ಮ ಬೇಡ ಎಂದು ತಲೆಯಾಡಿಸಿ ಒಬ್ಬಳೇ ಅಂಗಳ ದಾಟಿದಳು. ಮಾತು ತಿರುಗಿಸಿ ಹೇಳಲು ಯಾರೂ ಇರಲಿಲ್ಲ. ಓಲಿಯೂ ಜಯಂತನ ಹಿಂದೆ ಹೊಳೆಯ ಕಡೆ ಹೋಗಿದ್ದ. ಆರ್ನಿ ಅವಳನ್ನು ನೋಡಿದ, ಅವಳ ಕೈಯಲ್ಲಿದ್ದುದನ್ನು ನೋಡಿದ, ಮಂಡಿಯ ಮೇಲಿಟ್ಟಿದ್ದ ಟೋಪಿಯನ್ನು ಪಕ್ಕಕ್ಕಿಟ್ಟ.

ಜವರಮ್ಮ ಎರಡೂ ಕೈಯಿಂದ ಚೀಲವನ್ನು ಅವನ ಮಡಿಲಲ್ಲಿ ಇಟ್ಟಳು.